ಕಾವಲು ದಾರ

ಬೆಳಗಾವಿಯ ಒಂದು ಓಣಿಯಲ್ಲಿ ನೀಲಾಂಬಿಕಾ ಎಂಬ ಹೆಣ್ಣುಮಗಳಿದ್ದಳು. ಹೆಸರು ಉದ್ದವಾಯಿತೆಂದು ಎಲ್ಲರೂ ನೀಲಕ್ಕ ಅನ್ನುತ್ತಿದ್ದರು. ಅವಳಷ್ಟು ಚೆಂದ ಸ್ವೆಟರ್ ಹೆಣೆಯುವವರು ಸುತ್ತಮುತ್ತ ಯಾರೂ ಇರಲಿಲ್ಲ. ಈ ಮಾತನ್ನು ಓಣಿಯವರೂ ಹೇಳುತ್ತಿದ್ದರು, ನೀಲಕ್ಕನೂ ಹೇಳುತ್ತಿದ್ದಳು. ಓಣಿಯಲ್ಲಿ ಕೂಸು ಹುಟ್ಟಿದರೆ ಅದಕ್ಕೆ ಹೆಸರಿಡುವ ಮೊದಲೇ ನೀಲಕ್ಕನ ಉಲ್ಲನ್ ಟೊಪ್ಪಿಗೆ ಬಂದಿರುತ್ತಿತ್ತು.

"ನನ್ನ ಕಣ್ಣು ಕಟ್ಟಿ ಕೈಯಾಗ ಸ್ವೆಟರ್ ಕೊಡ್ರಿ. ಯಾರು ಹೆಣದದ್ದು ಅಂತ ಹೇಳ್ತೀನಿ," ಎಂದು ಆಕೆ ಪಂಥ ಕಟ್ಟುತ್ತಿದ್ದಳು. "ಒಬ್ಬಾಕಿ ಬಿಗಿ ಹಾಕತಾಳ, ಒಬ್ಬಾಕಿ ಸಡಿಲ ಬಿಡತಾಳ. ಕೈ ಅನ್ನೋದು ಸಹಿ ಇದ್ದಂಗ." ಪಂಥದಲ್ಲಿ ಸೋತದ್ದನ್ನು ಯಾರೂ ಕಂಡಿರಲಿಲ್ಲ.

ಇಷ್ಟೆಲ್ಲ ಬಲ್ಲ ನೀಲಕ್ಕ ಪಕ್ಕದಲ್ಲಿ ಕೂತು, ಬೆರಳು ಹಿಡಿದು ಕಲಿಸಿದ್ದು ಒಬ್ಬಳಿಗೇ. ಅವಳು ತಂಗಿ ಗಂಗಾಂಬಿಕಾ. ಅವಳೂ ಉದ್ದ ಹೆಸರಿನವಳೇ, ಹಾಗಾಗಿ ಗಂಗೂ. ಗಂಗೂನ ಕೈ ಸಡಿಲ, ಬುದ್ಧಿ ಸಾವಕಾಶ. ಒಂದು ಸಾಲು ಹೆಣೆಯುವಷ್ಟರಲ್ಲಿ ಎರಡು ಸಲ ಚಹಾ ಆರುತ್ತಿತ್ತು. ಅಂಥವಳಿಗೆ ನೀಲಕ್ಕ ಎಲ್ಲಕ್ಕಿಂತ ಮೊದಲು ಹೇಳಿಕೊಟ್ಟಿದ್ದು ಒಂದು ಸಣ್ಣ ಉಪಾಯ.

ಹೆಣಿಗೆ ಎಂಬುದು ವಿಚಿತ್ರವಾದ ವಸ್ತು. ತಿಂಗಳುಗಟ್ಟಲೆ ಹೆಣೆದದ್ದನ್ನು ಬಿಚ್ಚಲು ಒಂದು ಗಳಿಗೆ ಸಾಕು. ಕಡ್ಡಿ ತೆಗೆದು ನೂಲಿನ ತುದಿ ಎಳೆದರೆ ಸಾಲಿನ ಹಿಂದೆ ಸಾಲು ಕಳಚುತ್ತಾ ಹೋಗುತ್ತದೆ. ಎಲ್ಲಿ ನಿಲ್ಲಬೇಕೆಂದು ನೂಲಿಗೆ ಗೊತ್ತಿಲ್ಲ. ಅದಕ್ಕೇ ತಪ್ಪು ಬಿಚ್ಚುವ ಮೊದಲು, ತಪ್ಪಿಲ್ಲದ ಒಂದು ಸಾಲು ನೋಡಿಕೊಂಡು ಅದರ ಕುಣಿಕೆಗಳೊಳಗೆಲ್ಲ ಬೇರೆ ಬಣ್ಣದ ದಾರವನ್ನು ಸೂಜಿಯಿಂದ ಪೋಣಿಸಿಬಿಡಬೇಕು. ಕಳಚುತ್ತಾ ಬಂದದ್ದು ಅಲ್ಲಿಗೆ ಬಂದು ನಿಲ್ಲುತ್ತದೆ. ಅಕ್ಕತಂಗಿಯರು ಅದಕ್ಕೆ ಕಾವಲು ದಾರ ಎಂದು ಹೆಸರಿಟ್ಟಿದ್ದರು. ಗಂಗೂ ತಪ್ಪು ಮಾಡುವುದರಲ್ಲಿ ಧಾರಾಳಿ. ಅವಳ ಡಬ್ಬಿಯಲ್ಲಿ ಯಾವಾಗಲೂ ಒಂದು ಕೆಂಪು ದಾರದ ರೀಲು ಇರುತ್ತಿತ್ತು.

ಗಂಗೂನ ಗಂಡ ಗುರುಶಾಂತಪ್ಪ. ಸರಕಾರಿ ಬಸ್ಸು ಓಡಿಸಿ ನಿವೃತ್ತನಾದ ಆಳು. ಮಕ್ಕಳಿರಲಿಲ್ಲ. ಎರಡು ಓಣಿ ಆಚೆ ಬಾಡಿಗೆ ಮನೆ. ಕಿಟಕಿಯ ಹತ್ತಿರ ಒಂದು ಬೆತ್ತದ ಕುರ್ಚಿ, ಅದರಲ್ಲಿ ಗಂಗೂ, ಅವಳ ತೊಡೆಯ ಮೇಲೆ ಉಲ್ಲನ್. ಎದುರಿಗೆ ಪೇಪರ್ ಓದುತ್ತಾ ಗುರುಶಾಂತಪ್ಪ. ಹುಣಸೆಹಣ್ಣಿನ ಬಣ್ಣದ ಉಲ್ಲನ್ನಿನಲ್ಲಿ ಅವನಿಗೊಂದು ಸ್ವೆಟರ್ ಶುರು ಮಾಡಿದ್ದಳು. ಬೆನ್ನಿನ ಭಾಗ ಕಂಕುಳ ತನಕ ಬಂದಿತ್ತು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಕಡ್ಡಿ ಸಾಲಿನ ನಡುವೆ ಹಾಗೇ ನಿಂತಿತ್ತು.

ಕಾರ್ಯ ಮುಗಿದು, ನೆಂಟರು ಊರಿಗೆ ಹೋದ ಮೇಲೆ ಗುರುಶಾಂತಪ್ಪ ಒಂದು ಬಟ್ಟೆಯ ಚೀಲ ಹಿಡಿದುಕೊಂಡು ನೀಲಕ್ಕನ ಮನೆಗೆ ಬಂದ.

"ಅಕ್ಕಾರ, ಇದನ್ನ ಮುಗಸಬೇಕ್ರಿ."

"ಇಲ್ಲೇ ಇಟ್ಟು ಹೋಗ್ರಿ. ವಾರದಾಗ ಮುಗಿಸಿ ಕೊಡ್ತೀನಿ."

"ನೀವಲ್ರೀ. ನಾನು ಮುಗಸಬೇಕು. ನನಗ ಕಲಸ್ರಿ."

ನೀಲಕ್ಕನಿಗೆ ಆ ದುಃಖದಲ್ಲೂ ನಗು ಬಂತು. ಗುರುಶಾಂತಪ್ಪನ ಒಂದೊಂದು ಬೆರಳೂ ಬದನೆಕಾಯಿಯಷ್ಟು ದಪ್ಪ.

"ಆ ಕೈಲೆ? ಇದು ಸ್ಟೇರಿಂಗ್ ತಿರುವಿದಂಗ ಅಲ್ರಿ, ಗುರುಶಾಂತಪ್ನೋರ."

"ಸ್ಟೇರಿಂಗರ ತಾಯಿ ಹೊಟ್ಟ್ಯಾಗ ಕಲಿತು ಬಂದಿದ್ನೇನ್ರಿ? ಹೊಸಾ ಹುಡುಗರಿಗೆ ನಾನೂ ಬಸ್ಸು ಕಲಿಸೀನಿ. ಮೊದಲ ದಿನ ಗೇರ್ ಮುಟ್ಟಗೊಡತಿರ್ಲಿಲ್ಲ, ಬ್ರೇಕ್ ತೋರಸ್ತಿದ್ದೆ. ಮಗ್ಗಲದಾಗ ಕುಂತಿರತಿದ್ದೆ. ಅಷ್ಟೇ ಮಾಡ್ರಿ ನೀವು. ಸಂಜಿಕ ಒಂದೀಟು ಬಂದು ಕುಂದರ್ರಿ. ಆಕಿ ವರ್ಷದ ಪೂಜಿಗೆ ಈ ಸ್ವೆಟರ್ ಹಾಕ್ಕೊಂಡು ಕುಂದರಬೇಕು ಅಂತ ಐತಿ ನನಗ."

ನೀಲಕ್ಕ ಚೀಲದೊಳಗೆ ಕೈ ಹಾಕಿದಳು. ಕಣ್ಣು ಮುಚ್ಚುವ ಅಗತ್ಯವೇ ಬೀಳಲಿಲ್ಲ. ಬೆರಳಿಗೆ ತಗುಲಿದ ಕೂಡಲೇ ಗೊತ್ತಾಯಿತು. ಆ ಸಡಿಲ ಕೈ, ಎಷ್ಟು ಸಲ ಬೈದರೂ ಬಿಗಿಯಾಗದ ಕೈ. ಒಲೆಯ ಮೇಲಿನ ಪಾತ್ರೆ ಮುಟ್ಟಿದವಳಂತೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಆ ಮನೆಗೆ ದಿನಾ ಹೋಗುವುದು. ಆ ಕಿಟಕಿ, ಆ ಬೆತ್ತದ ಕುರ್ಚಿ. ಅದರಲ್ಲಿ ತಾನು ಕೂರುವುದು. ನೆನೆಸಿಕೊಂಡವಳೇ ಚೀಲವನ್ನು ಅವನ ಕಡೆ ಸರಿಸಿದಳು. "ನನ್ನಿಂದ ಆಗಂಗಿಲ್ರಿ, ನನಗ ಅಂಜಿಕಿ ಬರತೈತಿ" ಎಂದು ಬಾಯಿ ಬಿಟ್ಟು ಹೇಳಿದ್ದರೆ ಗುರುಶಾಂತಪ್ಪನಿಗೆ ಅರ್ಥವಾಗುತ್ತಿತ್ತು. ಅವನಿಗೂ ಆ ಕುರ್ಚಿ ಕಂಡರೆ ಅಂಜಿಕೆಯೇ. ಆದರೆ ಊರಿಗೆಲ್ಲ ಧೈರ್ಯ ಹೇಳುವ ಹೆಂಗಸಿಗೆ ಇಂಥ ಮಾತು ಬಾಯಿಗೆ ಬರುವುದಿಲ್ಲ.

"ನನಗ ಮಹಿಳಾ ಮಂಡಳದ ಕೆಲಸ ತಲಿ ಮ್ಯಾಲೆ ಬಿದ್ದಾವ," ಎಂದಳು. "ಆದ್ರ ನಿಮಗ ಒಂದು ಚಲೋ ವ್ಯವಸ್ಥಾ ಮಾಡ್ತೀನಿ, ಕಾಳಜಿ ಮಾಡಬ್ಯಾಡ್ರಿ."

ದುಃಖದ ಮನೆಗೆ ಹೋಗಲಾರದವರು ಅಂಗಡಿಗೆ ಹೋಗುತ್ತಾರೆ. ನೀಲಕ್ಕನೂ ಹೋದಳು.

ಪೇಪರ್ ಅಂಗಡಿಯ ಬಾಳಪ್ಪ ಎಲ್ಲ ಪತ್ರಿಕೆಗಳ ಚಂದಾ ಬರೆದುಕೊಳ್ಳುವವನು. ಹೆಣಿಗೆಯ ಪತ್ರಿಕೆ ಅಂದ ಕೂಡಲೇ ಎರಡನ್ನು ತೆಗೆದು ಮುಂದಿಟ್ಟ.

"ಯಾರಿಗ್ರೀ ನೀಲಕ್ಕಾರ? ನಿಮಗಂತೂ ಬರತೈತಲ್ಲ."

"ನಮ್ಮ ಗಂಗೂನ ಗಂಡಗ."

"ಗುರುಶಾಂತಪ್ಪಣ್ಣಗ? ಹೆಣಿಗಿ?"

"ಹೂಂ. ನಗಬ್ಯಾಡ."

"ನಗಾಕತ್ತಿಲ್ರಿ," ಎಂದ ಬಾಳಪ್ಪ, ನಿಜವಾಗಿಯೂ ನಗದೆ. "ಹಂಗಿದ್ರ ಇದನ್ನ ತಗೋರಿ." ತೆಳ್ಳಗಿನದೊಂದನ್ನು ಕೈಗಿತ್ತ. ಹೆಸರು 'ಸೀದಾ ಉಲ್ಟಾ'. ನ್ಯೂಸ್‌ಪ್ರಿಂಟ್ ಕಾಗದ. ತಿಂಗಳಿಗೆ ಒಂದೇ ಪಾಠ. ಪುಟದ ತುಂಬಾ ಎರಡು ದೊಡ್ಡ ಕೈಗಳ ಚಿತ್ರ, ಬೆರಳಿಗೊಂದು ಬಾಣದ ಗುರುತು. ಮೊದಲ ಸಂಚಿಕೆಯ ಜೊತೆ ಕಲಿಯುವುದಕ್ಕೆಂದೇ ಒಂದು ಸಣ್ಣ ಉಲ್ಲನ್ ಉಂಡೆ ಪುಕ್ಕಟೆ.

ನೀಲಕ್ಕ ಎರಡು ಬೆರಳಲ್ಲಿ ಪುಟ ತಿರುವಿದಳು. "ಇದೇನಪಾ, ಅಂಕಲಿಪಿ ಇದ್ದಂಗ ಐತಿ."

"ಅಂಕಲಿಪಿ ಕಲಿಯೋರೂ ಇರತಾರಲ್ರೀ."

ಎರಡನೆಯದು 'ಉಣ್ಣೆಸಿರಿ'. ನೀಲಕ್ಕ ತಾನೇ ತರಿಸುವ ಪತ್ರಿಕೆ. ಹೊಳೆಯುವ ಕಾಗದ, ಮುಟ್ಟಿದರೆ ಬೆರಳು ಜಾರಬೇಕು. ಮುಖಪುಟದಲ್ಲಿ ಹಿಮದ ಬೆಟ್ಟದ ಮುಂದೆ ನಿಂತ ಗಂಡಸೊಬ್ಬ, ಮೈಮೇಲೆ ಜಡೆ ಜಡೆಯಾಗಿ ಹೆಣೆದ ಕಂದು ಸ್ವೆಟರ್.

"ಉಡುಗೊರಿ ಚಂದಾ ಅಂದ್ರ ಹೊದಿಕಿ ಮ್ಯಾಲೆ ಕೊಟ್ಟವರ ಹೆಸರು ಹಾಕತಾರ್ರಿ," ಎಂದ ಬಾಳಪ್ಪ. "ತಿಂಗಳಾ ತಿಂಗಳಾ."

ಅಲ್ಲಿ ನೀಲಕ್ಕನ ತೀರ್ಮಾನ ಆಗಿಹೋಯಿತು. ಅಂಕಲಿಪಿಯ ಮೇಲೆ ತನ್ನ ಹೆಸರೇ? ಪೋಸ್ಟ್‌ಮನ್ ಎಂಬ ಮನುಷ್ಯ ಓಣಿಯ ತುಂಬಾ ಹೆಸರು ಓದಿಕೊಂಡೇ ಬರುತ್ತಾನೆ. ಸ್ವೆಟರಿಗೆ ಹೆಸರಾದ ನೀಲಕ್ಕ ತಂಗಿಯ ಗಂಡನಿಗೆ ಎಂಥ ಪತ್ರಿಕೆ ಕೊಟ್ಟಳು ಎಂದು ನಾಲ್ಕು ಜನ ನೋಡುತ್ತಾರೆ.

"ಕೊಡೋದು ಕೊಡ್ತೀವಿ, ಚಲೋದೇ ಕೊಡೋಣು. ಉಣ್ಣೆಸಿರಿ ಬರಕೋ."

"ಒಮ್ಮೆ ಬರದ್ರ ವರ್ಷ ಮುಗಿಯೋತನಕ ಬದಲ್ ಮಾಡಾಕ ಬರಂಗಿಲ್ಲ ನೋಡ್ರಿ."

"ಬದಲ್ ಯಾಕ ಮಾಡ್ತಾರ? ಬರಕೋ."

ಮನೆಗೆ ಬರುವಾಗ ಅವಳ ಎದೆ ಹಗುರವಾಗಿತ್ತು. ಕೊಟ್ಟೆ ಅನ್ನುವ ಸಮಾಧಾನ ಅಂಥದ್ದು. ಹೋಗಲಿಲ್ಲ ಅನ್ನುವುದನ್ನು ಅದು ಚೆನ್ನಾಗಿ ಮುಚ್ಚುತ್ತದೆ.

ಮೊದಲ ಸಂಚಿಕೆ ಬಂತು. ಗುರುಶಾಂತಪ್ಪ ಹೊದಿಕೆಯನ್ನು ಹರಿಯಲಿಲ್ಲ. ಕತ್ತರಿಯಲ್ಲಿ ಅಂಚು ಕತ್ತರಿಸಿ, 'ಶ್ರೀಮತಿ ನೀಲಾಂಬಿಕಾ ಅವರಿಂದ ಉಡುಗೊರೆ' ಎಂಬ ಅಕ್ಷರಕ್ಕೆ ಏಟಾಗದಂತೆ ತೆಗೆದು ಗಂಗೂನ ಫೋಟೋದ ಹಿಂದೆ ಇಟ್ಟ. ಆಮೇಲೆ ಕನ್ನಡಕ ಹಾಕಿಕೊಂಡು ಮುಖಪುಟ ನೋಡಿದ. ಕಂದು ಸ್ವೆಟರ್, ಗಂಡಸಿನದು. ಗಂಗೂ ಮಾಡುತ್ತಿದ್ದುದೂ ಇದೇ ಇರಬೇಕು ಎಂದುಕೊಂಡ. ಅಕ್ಕ ಸುಮ್ಮನೆ ಇದನ್ನು ಆರಿಸಿರುತ್ತಾಳೆಯೇ? ಪಾಪ, ಗಂಗೂ ಹೆಣೆಯುತ್ತಿದ್ದುದು ಜಡೆಯಿಲ್ಲದ, ಹೂವಿಲ್ಲದ ಸಾದಾ ಹೆಣಿಗೆ. ಇವನಿಗೆ ಅದು ತಿಳಿಯಲಿಲ್ಲ.

ವಾರದ ಮೇಲೆ ಪತ್ರಿಕೆ ಹಿಡಿದು ನೀಲಕ್ಕನ ಬಾಗಿಲಿಗೆ ಬಂದ. ಅವಳು ಚಪ್ಪಲಿ ಮೆಟ್ಟುತ್ತಿದ್ದಳು.

"ಅಕ್ಕಾರ, 'ನಾಲ್ಕು ಕುಣಿಕೆಗಳನ್ನು ಹಿಂದೆ ಹಿಡಿದು' ಅಂತ ಬರದಾರ. ಹಿಂದ ಅಂದ್ರ ಎಲ್ರಿ?"

"ಚಿತ್ರ ನೋಡ್ರಿ, ತಿಳೀತೈತಿ."

"ಚಿತ್ರದಾಗ ಕೈ ಇಲ್ರಿ. ಬರೇ ಸ್ವೆಟರ್ ಐತಿ."

"ಎಲ್ಲಾ ಬರದಿರತಾರ, ಸಾವಕಾಶ ಓದ್ರಿ. ನನಗ ಮೀಟಿಂಗಿಗೆ ಹೊತ್ತಾತು."

ಇನ್ನೊಮ್ಮೆಯೂ ಬಂದ. ಆಗಲೂ ಅವಳಿಗೆ ಹೊತ್ತಾಗಿತ್ತು. ಆಮೇಲೆ ಬರುವುದನ್ನು ಬಿಟ್ಟ. ಬರಲಿಲ್ಲ ಅಂದರೆ ಕಲಿತಿರಬೇಕು ಎಂದುಕೊಂಡಳು ನೀಲಕ್ಕ. ಕಲಿಸಬೇಕಾದವರಿಗೆ ಇದಕ್ಕಿಂತ ಅನುಕೂಲದ ನಂಬಿಕೆ ಇನ್ನೊಂದಿಲ್ಲ.

ದಸರಾ ಮುಗಿದು ಚಳಿ ಹತ್ತುವ ಕಾಲ. ಒಂದು ಮಧ್ಯಾಹ್ನ ನೀಲಕ್ಕ ಬಾಗಿಲು ತೆಗೆದಾಗ ಗುರುಶಾಂತಪ್ಪ ಕಟ್ಟೆಯ ಮೇಲೆ ಕೂತಿದ್ದ. ಎಷ್ಟು ಹೊತ್ತಿನಿಂದ ಕೂತಿದ್ದನೋ. ಬಾಗಿಲು ಬಡಿದಿರಲಿಲ್ಲ. ಪಕ್ಕದಲ್ಲಿ ಅದೇ ಬಟ್ಟೆಯ ಚೀಲ.

"ಒಳಗ ಬರ್ರಿ, ಹೊರಗ್ಯಾಕ ಕುಂತ್ರಿ?"

ಅವನು ಏಳಲಿಲ್ಲ. ಚೀಲವನ್ನು ಅವಳ ಕಡೆ ಸರಿಸಿದ. ಒಳಗೆ ಎರಡು ಕಡ್ಡಿಗಳು ಬೇರೆಯಾಗಿ ಬಿದ್ದಿದ್ದವು. ಅವುಗಳ ಕೆಳಗೆ ಹುಣಸೆಹಣ್ಣಿನ ಬಣ್ಣದ ನೂಲಿನ ರಾಶಿ, ಬೇಯಿಸಿ ಬಸಿದ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ.

"ಗಂಗೂನ ಸ್ವೆಟರ್ ಎಲ್ಲೈತ್ರಿ?" ಎಂದಳು ನೀಲಕ್ಕ. ಕಣ್ಣಿಗೆ ಕಂಡದ್ದು ತಲೆಗೆ ಇನ್ನೂ ಹೋಗಿರಲಿಲ್ಲ.

"ಇದೇ ಅದು."

ನೀಲಕ್ಕ ಹೊಸ್ತಿಲ ಮೇಲೆಯೇ ಕೂತಳು.

"ಆಕಿ ಕೈ ದಿನಾ ನೋಡಿದ್ದ ನೆನಪಿನ ಮ್ಯಾಲೆ, ಆಕಿ ಬಿಟ್ಟಲ್ಲಿಂದ ನಾ ನಾಲ್ಕು ಬೆರಳಷ್ಟು ಹೆಣದಿದ್ನಿರಿ," ಎಂದ ಗುರುಶಾಂತಪ್ಪ. ಬಸ್ಸು ಎಲ್ಲಿ ಕೆಟ್ಟಿತೆಂದು ಡಿಪೋದಲ್ಲಿ ಹೇಳುವವನ ಧಾಟಿಯಲ್ಲಿ, ನೆಲ ನೋಡುತ್ತಾ. "ಜಡಿ ಬರಲಿಲ್ಲ. ನಡುವ ತೂತು ಬಿತ್ತು. ಪತ್ರಿಕ್ಯಾಗ ನೋಡಿದ್ನಿ. 'ತಪ್ಪಿದಲ್ಲಿ ಬಿಚ್ಚಿ ಮತ್ತೆ ಹೆಣೆಯಿರಿ' ಅಂತ ಒಂದು ಸಾಲು ಇತ್ತು. ಅಷ್ಟೇ ಇತ್ತು. ಕಡ್ಡಿ ತಗದು ಎಳದ್ನಿ. ನಂದಷ್ಟು ಹೋಗಲಿ, ಆಕಿದು ಎಲ್ಲಿಂದ ಸುರು ಆಗತೈತೋ ಅಲ್ಲಿ ನಿಂದ್ರೋಣು ಅಂತ. ಆದ್ರ ಬಣ್ಣ ಒಂದೇ ಅಲ್ರಿ. ನಂದು ಎಲ್ಲಿ ಮುಗೀತು, ಆಕಿದು ಎಲ್ಲಿ ಸುರು ಆತು, ತಿಳೀಲೇ ಇಲ್ಲ. ಹುಡುಕ್ಕೋತ ಹ್ವಾದೆ. ಒಂದು ಸಾಲು ನೆಟ್ಟಗ ಸಿಕ್ರ ಕಡ್ಡಿ ತೂರಸೋಣು ಅಂತ ನೋಡ್ತೀನಿ, ನಾ ಒಂದು ಕುಣಿಕಿ ಹಿಡಿಯೂದ್ರಾಗ ಮತ್ತೊಂದು ಜಾರತೈತಿ. ಅದನ್ನ ಹಿಡಿಯಾಕ ಹೋದ್ರ ಇನ್ನೊಂದು. ಮತ್ತೀಟು ಎಳದ್ನಿ. ಮತ್ತೀಟು. ಆಮ್ಯಾಲೆ ನೋಡ್ತೀನಿ, ಕೈಯಾಗ ಏನೂ ಇಲ್ಲ."

ಓಣಿಯಲ್ಲಿ ಯಾರದೋ ಮನೆಯ ಕುಕ್ಕರ್ ಕೂಗಿತು.

"ಬಸ್ಸಿಗೆ ಬ್ರೇಕ್ ಇರತಾವ ಅಕ್ಕಾರ. ಇದಕ್ಕ ಎಲ್ಲಿತ್ರಿ?"

ಅದು ಆಪಾದನೆಯಾಗಿರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಬೈದಿದ್ದರೆ ನೀಲಕ್ಕನಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

"ಕಾವಲು ದಾರ ಅಂತ ಒಂದು ಇರತೈತಿ," ಎಂದಳು ಕಡೆಗೆ. "ಬಿಚ್ಚೂಕಿಂತ ಮೊದಲ, ಚಲೋ ಇದ್ದ ಸಾಲಿಗೆ ಪೋಣಸೂದು. ಬ್ಯಾರೆ ಬಣ್ಣದ್ದು. ಅಲ್ಲಿಗೆ ಬಂದು ನಿಂದರತೈತಿ."

"ಅಷ್ಟೇ?"

"ಅಷ್ಟೇ."

"ಆಕಿ ಡಬ್ಬ್ಯಾಗ ಕೆಂಪು ದಾರ ಐತ್ರಿ," ಎಂದ ಗುರುಶಾಂತಪ್ಪ. "ಯಾತಕ ಇಟ್ಟಾಳೋ ಅಂತ ದಿನಾ ನೋಡತಿದ್ನಿ."

ನೀಲಕ್ಕನಿಗೆ ಅಳು ಬರಲಿಲ್ಲ. ಅಳು ಬರದವರ ಕೈಗೆ ಏನಾದರೂ ಕೆಲಸ ಬೇಕಾಗುತ್ತದೆ. ಎದ್ದು ಒಳಗೆ ಹೋದಳು. ಬಕೆಟ್ಟು ಇಟ್ಟು ನಲ್ಲಿ ಬಿಟ್ಟಳು. ಬಂದು ಆ ನೂಲಿನ ರಾಶಿಯನ್ನು ಎತ್ತಿ, ಸಿಕ್ಕು ಬಿಡಿಸಿ, ಮೊಣಕೈಗೆ ಸುತ್ತಿ ಲಡಿ ಮಾಡತೊಡಗಿದಳು. ಬಿಚ್ಚಿದ ನೂಲನ್ನು ಏನು ಮಾಡಬೇಕೆಂದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು.

"ಏನ್ ಮಾಡಾಕತ್ತೀರಿ?"

"ನೀರಾಗ ಹಾಕಿ, ತೂಕ ಕಟ್ಟಿ ಒಣಗಿಸಿದ್ರ ಈ ಸುರುಳಿ ಎಲ್ಲಾ ಹೋಗಿ ನೂಲು ನೆಟ್ಟಗಾಗತೈತಿ. ಹೊಸಾದರಂಗ. ಇದರಾಗೇ ನಾ ಮತ್ತ ನಿಮಗ..."

ಗುರುಶಾಂತಪ್ಪ ಎದ್ದು ಬಂದು ಲಡಿಯನ್ನು ಅವಳ ಕೈಯಿಂದ ಕಿತ್ತುಕೊಂಡ. ಅಷ್ಟು ವರ್ಷದ ನೆಂಟಸ್ತಿಕೆಯಲ್ಲಿ ಅವಳೆದುರು ದನಿ ಎತ್ತಿದವನಲ್ಲ. ಈಗಲೂ ಎತ್ತಲಿಲ್ಲ.

"ಕೈ ಅನ್ನೋದು ಸಹಿ ಇದ್ದಂಗ ಅಂತ ನೀವೇ ಹೇಳ್ತಿದ್ರಿ. ಆಕಿದು ಈ ಸುರುಳಿ ಒಂದು ಉಳದೈತಿ ಅಕ್ಕಾರ. ಅದನ್ನೂ ತೊಳೀತೀರೇನು?"

ಬಕೆಟ್ಟು ತುಂಬಿ ಚೆಲ್ಲತೊಡಗಿತು. ನೀಲಕ್ಕ ಹೋಗಿ ನಲ್ಲಿ ನಿಲ್ಲಿಸಿ ಬಂದಳು. ಬಂದು ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕೂತಳು. ಅವನು ಕೇಳಿದ್ದೂ ಇಷ್ಟನ್ನೇ ಅಲ್ಲವೇ.

ಕೈ ಚಾಚಿ ನೂಲಿನ ತುದಿ ಇಸಿದುಕೊಂಡಳು. ಕಣ್ಣು ಮುಚ್ಚಿ, ಬೆರಳ ನಡುವೆ ನೂಲನ್ನು ಜಾರಿಸುತ್ತಾ ಹೋದಳು. ಮೊದಲು ಬಂದದ್ದು ಬಿಗಿಯಾದ ಸುರುಳಿ. ಹೆದರಿ ಹೆದರಿ, ಸ್ಟೇರಿಂಗ್ ಹಿಡಿದ ಹಾಗೆ ಗಟ್ಟಿಯಾಗಿ ಎಳೆದು ಹೆಣೆದದ್ದು. ಬಿಗಿ, ಬಿಗಿ, ಬಿಗಿ. ಒಂದು ಕಡೆ ಬೆರಳು ನಿಂತಿತು. ಅಲ್ಲಿಂದ ಆಚೆ ನೂಲು ಉಸಿರು ಬಿಟ್ಟಂತೆ ಸಡಿಲವಾಗಿತ್ತು. ಅಗಲವಾದ, ಸೋಮಾರಿ ಸುರುಳಿ, ಎರಡು ಸಲ ಚಹಾ ಆರಿಸಿಕೊಂಡು ಹಾಕಿದ್ದು.

"ಇಲ್ಲಿಂದ ಆಕಿದು," ಎಂದಳು ನೀಲಕ್ಕ.

ಗುರುಶಾಂತಪ್ಪ ಆ ಜಾಗವನ್ನು ನೋಡಿದ. ಬೆರಳಿನಿಂದ ಮುಟ್ಟಿ ನೋಡಿದ.

"ಇದನ್ನೇ ನಾ ಹುಡುಕಿದ್ದು," ಎಂದ.

ನೀಲಕ್ಕ ತನ್ನ ಡಬ್ಬಿಯಿಂದ ಕೆಂಪು ದಾರ ತಂದು ಆ ಜಾಗದಲ್ಲಿ ಒಂದು ಗಂಟು ಹಾಕಿದಳು. ಕಾಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ಹಾಕಿದಳು.

ಮರುದಿನ ಬಾಳಪ್ಪನ ಅಂಗಡಿಗೆ ಹೋಗಿ, ಆ ಪತ್ರಿಕೆಯನ್ನು ನಿಲ್ಲಿಸು ಎಂದು ಕೇಳಿಕೊಂಡಳು. "ಅವತ್ತೇ ಹೇಳಿದ್ನಲ್ರೀ," ಎಂದ ಬಾಳಪ್ಪ. ಉಡುಗೊರೆ ತಿಂಗಳು ತಿಂಗಳೂ ಬರುತ್ತಲೇ ಇತ್ತು. ಪ್ರತಿ ಸಲವೂ ಹೊಸ ಸ್ವೆಟರ್, ಪ್ರತಿ ಸಲವೂ ಹೊದಿಕೆಯ ಮೇಲೆ ಅವಳ ಹೆಸರು. ಪೋಸ್ಟ್‌ಮನ್ ಓಣಿಯ ತುಂಬಾ ಓದಿಕೊಂಡೇ ಬರುತ್ತಿದ್ದ. ನೀಲಕ್ಕ ಬಯಸಿದ್ದೂ ಅದನ್ನೇ.

ವರ್ಷದ ಪೂಜೆಯ ದಿನ ಬಂತು. ಗುರುಶಾಂತಪ್ಪ ಕೆಲಸದ ಕಾಲದ ಹಳೆಯ ಖಾಕಿ ಸ್ವೆಟರ್ ಹಾಕಿಕೊಂಡು ಕೂತಿದ್ದ. ಮೊಣಕೈ ಹತ್ತಿರ ಸವೆದಿತ್ತು. ಗಂಗೂನ ಫೋಟೋದ ಮುಂದೆ ವಿಭೂತಿ, ಹೂವು, ಅವಳಿಗೆ ಇಷ್ಟವಾದ ಹೋಳಿಗೆ. ಅವುಗಳ ಪಕ್ಕದಲ್ಲಿ ಹುಣಸೆಹಣ್ಣಿನ ಬಣ್ಣದ ಒಂದು ಉಂಡೆ. ಎಳೆದು ಸುತ್ತಿದರೆ ಸುರುಳಿ ಹೋದೀತೆಂದು ತೀರಾ ಸಡಿಲವಾಗಿ ಸುತ್ತಿದ್ದ. ಕೆಂಪು ಗಂಟು ಹೊರಗೆ ಕಾಣುತ್ತಿತ್ತು.

ಊಟ ಮುಗಿದು ಜನ ಹೋದರು. ನೀಲಕ್ಕನೂ ಹೊರಟವಳು ಬಾಗಿಲಲ್ಲಿ ನಿಂತಳು. ಕಿಟಕಿಯ ಹತ್ತಿರ ಬೆತ್ತದ ಕುರ್ಚಿ ಖಾಲಿ ಇತ್ತು. ಪೂಜೆಗೆ ಬಂದ ಅಷ್ಟು ಜನರಲ್ಲಿ ಯಾರೂ ಅದರಲ್ಲಿ ಕೂತಿರಲಿಲ್ಲ. ಅವಳು ತಿರುಗಿ ಬಂದಳು. ಕುರ್ಚಿಯ ಕೈ ಹಿಡಿದುಕೊಂಡು, ತಣ್ಣೀರಿಗೆ ಇಳಿಯುವವಳ ಹಾಗೆ, ಮೆಲ್ಲಗೆ ಕೂತಳು. ಅಂಜಿದ್ದಷ್ಟೂ ನೋವಾಯಿತು. ಆದರೆ ಕೂರಲು ಆಗದಷ್ಟೇನೂ ಇರಲಿಲ್ಲ. ವರ್ಷದ ಕೆಳಗೂ ಇಷ್ಟೇ ಇದ್ದಿರಬೇಕು.

ಗುರುಶಾಂತಪ್ಪ ಗಂಗೂನ ಡಬ್ಬಿ ತಂದು ಅವಳ ತೊಡೆಯ ಮೇಲಿಟ್ಟ. ಅದರ ಮೇಲೆ ಯಾವುದೋ ಹಳೆಯ ಉಲ್ಲನ್ ಚೂರು, ಎರಡು ಕಡ್ಡಿ.

"ಅಕ್ಕಾರ, ಆ ಕಾವಲು ದಾರ ಹೆಂಗ ಹಾಕೂದು, ತೋರಸ್ರಿ."

"ಈಗ ಯಾಕ್ರೀ?" ನೀಲಕ್ಕನ ದನಿ ಒಡೆಯಿತು. "ಕಾಯಾಕ ಏನ್ ಉಳದೈತಿ?"

"ಏನೂ ಉಳದಿಲ್ರಿ," ಎಂದ ಗುರುಶಾಂತಪ್ಪ, ಎದುರಿನ ಕುರ್ಚಿ ಎಳೆದುಕೊಂಡು ಕೂರುತ್ತಾ. "ಗೊತ್ತಿರ್ಲಿ ಅಂತ."

ನೀಲಕ್ಕ ಸೂಜಿ ಹಿಡಿದಳು. ಕಣ್ಣು ಕಟ್ಟಿದರೂ ಹೆಣಿಗೆ ಗುರುತಿಸಬಲ್ಲ ಆ ಹೆಣ್ಣುಮಗಳಿಗೆ ಅಂದು ಸೂಜಿಯ ಕಣ್ಣು ಕಾಣಲಿಲ್ಲ. ಗುರುಶಾಂತಪ್ಪನೇ ತನ್ನ ದಪ್ಪ ಬೆರಳುಗಳಲ್ಲಿ ಕೆಂಪು ದಾರವನ್ನು ಪೋಣಿಸಿಕೊಟ್ಟ.

ನೀತಿ: ಉಡುಗೊರೆ ಆರಿಸುವಾಗ ಕೊಡುವವರ ಹೆಸರನ್ನು ನೋಡಬೇಡಿ, ಪಡೆಯುವವರ ಕೈ ನೋಡಿ. ಹೊಸದಾಗಿ ಕಲಿಯುವವರಿಗೆ ಮುಂದೆ ಹೋಗುವುದನ್ನು ತೋರಿಸುವ ಮೊದಲು ನಿಲ್ಲುವುದನ್ನು ತೋರಿಸಿ. ಮತ್ತು, ದುಃಖದಲ್ಲಿರುವವರು "ಬಂದು ಕುಂದರ್ರಿ" ಎಂದು ಕರೆದರೆ ಪುಸ್ತಕ ಕಳಿಸಬೇಡಿ. ಹೋಗಿ ಕೂರಿ.